ಯಾವ ದ್ವೀಪಕ್ಕೆ ಹೋಗೋಣ?

ಕಳೆದ ಕೆಲವು ವಾರಗಳಿಂದ ನನ್ನ ಹಳೆಯ ವಿದ್ಯಾರ್ಥಿಗಳ ನಡುವೆ ಒಂದು ಚರ್ಚೆ ನಡೆದಿದೆ. ಮುಂಬಯಿಯ ನಮ್ಮ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರೆಲ್ಲ ಈ ಚಳಿಗಾಲದಲ್ಲಿ ಒಂದು ದಿನ ಯಾವುದಾದರೊಂದು ದ್ವೀಪಕ್ಕೆ ಹೋಗಿ ಸಂಜೆಗೆ ಮರಳಬೇಕೆಂಬ ವಿಚಾರ. ಹೋಗುವುದರಲ್ಲಿ ಭಿನ್ನಾಭಿಪ್ರಾಯವಿಲ್ಲ, ಎಲ್ಲಿಗೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. "ಸರ್, ನೀವೇ ಹೇಳಿಬಿಡಿ" ಎಂದು ನಾಲ್ಕೈದು ಮಂದಿ ಫೋನು ಮಾಡಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವುದಕ್ಕಿಂತ ಇಲ್ಲಿ ಬರೆದುಬಿಡುವುದೇ ಲೇಸು.

ನನ್ನ ಮತ ಘಾರಾಪುರಿಗೆ. ಎಲಿಫೆಂಟಾ ಎಂದರೆ ಬೇಗ ತಿಳಿದೀತು. "ಅದೇನು ಹೊಸದು ಸರ್" ಎಂದು ಮೂಗು ಮುರಿಯುವ ಮೊದಲು ನನ್ನ ಕಾರಣವನ್ನು ಕೇಳಿ.

ಹಿಂದಿನ ಸಲ ನಾವು ಸೇರಿದ್ದು ಊರಾಚೆಯ ಒಂದು ರೆಸಾರ್ಟಿನಲ್ಲಿ. ಕಾರುಳ್ಳವರು ಬಂದರು. ಐದಾರು ಮಂದಿ ಬರಲಿಲ್ಲ. ರಜೆ ಸಿಗಲಿಲ್ಲವೆಂದು ಒಬ್ಬ ನನಗೆ ಹೇಳಿದ್ದ. ನಿಜವಾದ ಕಾರಣ ಬೇರೆಯವರಿಂದ ಮುಂದೆ ತಿಳಿಯಿತು. ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಪುಸ್ತಕವನ್ನು ಹಂಚಿಕೊಂಡು ಓದಿದ ಗೆಳೆಯನ ಕಾರಿನಲ್ಲಿ ಹಿಂದಿನ ಸೀಟಿನ ಅತಿಥಿಯಾಗಿ ಹೋಗುವುದು ಅವನಿಗೆ ಬೇಡವಾಗಿತ್ತು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕಣ್ಣುಜ್ಜುತ್ತ ಪಾಠಕ್ಕೆ ಬರುತ್ತಿದ್ದ ಹುಡುಗರು ಇವರೆಲ್ಲ. ಕೆಲವರು ಇಂದು ಹೋಟೆಲಿನ ಧಣಿಗಳು, ಕೆಲವರು ಇಂದಿಗೂ ಗಲ್ಲಾಪೆಟ್ಟಿಗೆಯ ಆಚೆ ಬದಿಯಲ್ಲೇ ಇರುವವರು. ಆದುದರಿಂದ ಕಾರಿಲ್ಲದ ದಿನ ಬೇಕೆನ್ನುವಾಗ ನಾನು ಯೋಚಿಸುತ್ತಿರುವುದು ಹೊಗೆಯ ವಿಚಾರವನ್ನಲ್ಲ.

ಈ ಕಣ್ಣಿನಿಂದ ಒಂದೊಂದೇ ಸಲಹೆಯನ್ನು ನೋಡೋಣ. ಮಾಂಡವಾ ಎಂದವರಿದ್ದಾರೆ. ಅದು ದ್ವೀಪವಲ್ಲ, ಅದು ಹಾಗಿರಲಿ. 2020ರಿಂದ ಭಾವುಚಾ ಧಕ್ಕಾದಿಂದ ಅಲ್ಲಿಗೆ ಕಾರುಗಳನ್ನೇ ಹೊತ್ತೊಯ್ಯುವ ಹಡಗು ಬಂದಿದೆ. ಕಾರು ಸಮುದ್ರವನ್ನೂ ದಾಟಿತು! ಮುರುಡ್ ಜಂಜಿರಾದ ಕೋಟೆಯೊಳಗೆ ಕಾರಿಲ್ಲ ನಿಜ, ಆದರೆ ದೋಣಿ ಹತ್ತುವ ರಾಜಪುರಿಯನ್ನು ಮುಟ್ಟಲು ದಿನದ ಅರ್ಧವನ್ನು ಕಾರಿನಲ್ಲೇ ಕಳೆಯಬೇಕು. ಇನ್ನು ಮಲ್ಪೆಯಾಚೆಯ ಸೇಂಟ್ ಮೇರೀಸ್, ನಮ್ಮವರ ತೋನ್ಸೆಪಾರ್. ಊರಿನ ಅಭಿಮಾನ ನನಗೂ ಇದೆ. ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅಲ್ಲಿ ಕಂಬಗಳಾಗಿ ನಿಂತಿದೆ. ಊರಿಗೆ ಹೋದಾಗ ಮಕ್ಕಳಿಗೆ ತೋರಿಸಲೇಬೇಕಾದ ಸ್ಥಳ. ಮುಂಬಯಿಯಿಂದ ಒಂದು ದಿನಕ್ಕೆ ಅದು ಆಗದು.

ಘಾರಾಪುರಿಗೆ ಮನೆಯ ಬಾಗಿಲಿನಿಂದಲೇ ಕಾರು ಬೇಡ. ಡೊಂಬಿವಲಿಯವನೂ ವಿರಾರಿನವನೂ ಲೋಕಲ್ ಹಿಡಿದು ವಿ.ಟಿ.ಗೋ ಚರ್ಚ್‌ಗೇಟಿಗೋ ಬಂದರಾಯಿತು (ಹೊಸ ಹೆಸರು ಇನ್ನೂ ನನ್ನ ನಾಲಿಗೆಗೆ ಒಗ್ಗಿಲ್ಲ). ಗೇಟ್‌ವೇಯಿಂದ ಲಾಂಚಿನಲ್ಲಿ ಸುಮಾರು ಒಂದು ಗಂಟೆ. ಮರದ ಬೆಂಚಿನ ಮೇಲೆ ಧಣಿಯೂ ಕೆಲಸಗಾರನೂ ಹೆಗಲಿಗೆ ಹೆಗಲು ತಾಗಿಸಿ ಕುಳಿತಿರಬೇಕು. ಆ ಒಂದು ಗಂಟೆಗಾಗಿಯೇ ನಾನು ಈ ದ್ವೀಪವನ್ನು ಆರಿಸಿದ್ದೇನೆ.

ತಲುಪಿದ ಮೇಲೂ ಕಾಣುವುದಕ್ಕೆ ಕಡಿಮೆಯೇನಿಲ್ಲ. ಮುಖ್ಯ ಗುಹೆಯ ಮೂರು ಮುಖದ ಸದಾಶಿವ ಒಬ್ಬ ಮನುಷ್ಯನ ಮೂರು ಪಟ್ಟಿಗಿಂತಲೂ ಎತ್ತರ. 634ರ ಐಹೊಳೆ ಶಾಸನವನ್ನು ನಾನು ಪಾಠ ಮಾಡಿದ್ದು ನಿಮಗೆ ನೆನಪಿರಬಹುದು. ಇಮ್ಮಡಿ ಪುಲಿಕೇಶಿ ಪಶ್ಚಿಮ ಸಮುದ್ರದ ಪುರಿಯನ್ನು ನೌಕೆಗಳೊಡನೆ ಮುತ್ತಿದನೆಂದು ರವಿಕೀರ್ತಿ ಅದರಲ್ಲಿ ಬರೆದಿದ್ದಾನೆ. ಆ ಪುರಿ ಈ ಘಾರಾಪುರಿಯೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಕರಿಹಲಗೆಯ ಮುಂದೆ ತೂಕಡಿಸುತ್ತ ಕೇಳಿದ್ದನ್ನು ಒಮ್ಮೆ ಎಚ್ಚರದಿಂದ ನೋಡಿ ಬನ್ನಿ. ಗುಹೆಗಳ ಸುತ್ತ ಮೂರು ಪುಟ್ಟ ಹಳ್ಳಿಗಳೂ ಇವೆ. ಮಹಾನಗರದ ದೀಪಗಳು ಎದುರಿಗೇ ಕಾಣುತ್ತಿದ್ದರೂ ಅಲ್ಲಿಗೆ ಸಮುದ್ರದಡಿಯ ತಂತಿಯಿಂದ ಕಾಯಂ ವಿದ್ಯುತ್ತು ಬಂದದ್ದು 2018ರಲ್ಲಿ. ಮಧ್ಯಾಹ್ನದ ಊಟವನ್ನು ಆ ಊರಿನವರಿಂದಲೇ ಕೊಳ್ಳೋಣ. ಬುತ್ತಿ ಹೊತ್ತೊಯ್ದರೆ ಮೆಟ್ಟಿಲ ಮೇಲಿನ ಕೋತಿಗಳ ಪಾಲು.

ಒಂದು ಆಕ್ಷೇಪ ಮಾತ್ರ ತಳ್ಳಿಹಾಕುವಂಥದಲ್ಲ. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ಹೋಗುತ್ತಿದ್ದ ಪ್ರಯಾಣಿಕರ ದೋಣಿಗೆ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾದಳದ ವೇಗದ ದೋಣಿ ಬಡಿದು ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ಬಹುಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲವೆಂದು ಬದುಕಿ ಬಂದವರು ಹೇಳಿದರು. ಒಬ್ಬ ವಿದ್ಯಾರ್ಥಿನಿ, ಈಗ ಅಜ್ಜಿಯಾಗಿರುವವಳು, "ಮೊಮ್ಮಕ್ಕಳನ್ನು ಹೇಗೆ ಕರೆತರಲಿ ಸರ್?" ಎಂದು ಕೇಳಿದಳು. ಭಯಪಡಬೇಡವೆಂದು ನಾನು ಹೇಳಲಾರೆ. ನಾನು ಹೇಳಬಹುದಾದುದು ಇಷ್ಟೇ: ನಮ್ಮವರಲ್ಲಿ ಪ್ರತಿಯೊಬ್ಬರೂ ಜಾಕೆಟ್ಟಿನ ಪಟ್ಟಿ ಬಿಗಿಯುವವರೆಗೆ ಲಾಂಚು ಬಿಡಲು ನಾನು ಒಪ್ಪುವುದಿಲ್ಲ, ತುಂಬಿ ತುಳುಕುವ ಲಾಂಚನ್ನು ನಾವು ಹತ್ತುವುದಿಲ್ಲ. ಸೆಕೆಯಾಗುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂಬ ನೆಪಗಳನ್ನು ನನ್ನ ಮುಂದೆ ತರಬೇಡಿ.

ಮೆಟ್ಟಿಲುಗಳು ನೂರಿಪ್ಪತ್ತರಷ್ಟಿವೆ. ಮಂಡಿನೋವಿನವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವ ಡೋಲಿಯವರು ಅಲ್ಲಿದ್ದಾರೆ. ಮನುಷ್ಯರ ಹೆಗಲೇರಲು ನನಗೆ ಮನಸ್ಸಾಗದು. ಆದರೆ ಏರಿದವರನ್ನು ನೋಡಿ ಯಾರೂ ನಗಕೂಡದು, ಹೊರುವವರಿಗೂ ಅದೇ ಅನ್ನದ ದಾರಿ. ನಾನು ನಿಧಾನವಾಗಿ, ಎರಡು ಕಡೆ ಕುಳಿತು ಹತ್ತುತ್ತೇನೆ.

ಸೋಮವಾರ ಗುಹೆಗಳಿಗೆ ರಜೆ, ಭಾನುವಾರ ಜಾತ್ರೆ. ಜನವರಿಯ ಎರಡನೆಯ ಶನಿವಾರ ಆದೀತೇ ತಿಳಿಸಿ. ಬೆಳಿಗ್ಗೆ ಎಂಟೂವರೆಗೆ ಗೇಟ್‌ವೇಯ ಎದುರು ಸೇರೋಣ. ಹಾಜರಿ ಪುಸ್ತಕ ತರುತ್ತೇನೆ. ಹಿಂದಿನ ಸಲ ಬಾರದವರ ಹೆಸರುಗಳನ್ನೇ ಮೊದಲು ಕರೆಯುತ್ತೇನೆ.