ಕ್ಯಾಮೆರಾ ಇಲ್ಲದ ಕೋಣೆಯಲ್ಲಿ ನಮ್ಮ ಮಕ್ಕಳು

2024ರ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಾಗ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಇಳಿಕೆಗೆ ಬೇರೆ ಕಾರಣಗಳೂ ಇರಬಹುದು. ಆದರೆ ಶಾಲೆಯ ಒಳಹೊರಗು ಬಲ್ಲ ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ಒಂದೇ. ಮೇಲೊಂದು ಕಣ್ಣಿದೆ ಎಂದಾಗ ಬರೆದದ್ದು ಬೇರೆ, ಇಲ್ಲ ಎಂದಾಗ ಬರೆದದ್ದು ಬೇರೆ. ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಕಿಟಕಿಯಿಂದ ಚೀಟಿ ತೂರಿಸುವವರೂ ಕೊಠಡಿಯೊಳಗೆ ನಿಂತು ಮುಖ ತಿರುಗಿಸುವವರೂ ದೊಡ್ಡವರೇ.

ಈ ಮಾತನ್ನು ನಾನು ಕ್ರೈಸ್ತ ತಂದೆತಾಯಿಗಳಿಗೆ, ಶಾಲೆ ನಡೆಸುವ ಧರ್ಮಪ್ರಾಂತ್ಯ, ಸಭೆ, ಸಂಸ್ಥೆಗಳ ಹಿರಿಯರಿಗೆ ಹೇಳುತ್ತಿದ್ದೇನೆ. ದೇವರ ಕಣ್ಣಿಗೆ ಮರೆಯಾದದ್ದು ಯಾವುದೂ ಇಲ್ಲ ಎಂದು ತೊಟ್ಟಿಲ ಮಗುವಿಗೂ ಹೇಳಿಕೊಡುವವರು ನಾವು. ನಮ್ಮ ಶಾಲೆಗಳ ಮಕ್ಕಳು ಕ್ಯಾಮೆರಾ ಇದ್ದಾಗಲೂ ಇಲ್ಲದಾಗಲೂ ಒಂದೇ ಥರ ಇರುತ್ತಾರೆ ಎಂದು ಎದೆ ಮುಟ್ಟಿ ಹೇಳಬಲ್ಲೆವೇ?

ಒಂದು ಮನೆಯ ಊಟದ ಮೇಜು ನೋಡಿ. ರಾತ್ರಿ ಹನ್ನೊಂದು ದಾಟಿದೆ. ಥರ್ಮಾಕೋಲ್ ಚೂರುಗಳು, ಫೆವಿಕಾಲ್ ಡಬ್ಬಿ, ಬಣ್ಣದ ಕಾಗದ. ಅಮ್ಮ ಜ್ವಾಲಾಮುಖಿ ಮಾಡುತ್ತಿದ್ದಾಳೆ. ಅಪ್ಪ ಮೊಬೈಲಿನಲ್ಲಿ ಸಿಕ್ಕ ಎರಡು ಪುಟವನ್ನು ಮಗನ ಅಕ್ಷರದಂತೆ ಕಾಣಲಿ ಎಂದು ಸೊಟ್ಟಸೊಟ್ಟಗೆ ಬರೆಯುತ್ತಿದ್ದಾನೆ. ಮಗ ಒಳಗೆ ಮಲಗಿದ್ದಾನೆ. ಬೆಳಿಗ್ಗೆ ಅದರ ಮೇಲೆ ಅವನ ಹೆಸರು. ಯಾರು ಮಾಡಿದ್ದು ಎಂದು ಟೀಚರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಆದರೂ ಹತ್ತಕ್ಕೆ ಹತ್ತು. ಅದೇ ಮನೆಯ ಗೋಡೆಯ ಮೇಲೆ ಶಿಲುಬೆಯಿದೆ, ಅದೇ ರಾತ್ರಿ ಎಂಟಕ್ಕೆ ಕುಟುಂಬ ಪ್ರಾರ್ಥನೆಯೂ ಆಗಿದೆ. ಆ ಹುಡುಗ ಅಂದು ಕಲಿತ ಪಾಠ ಯಾವುದು? ಭಾನುವಾರದ ಪ್ರಸಂಗ ಆ ಪಾಠವನ್ನು ಅಳಿಸೀತೇ?

ಫಲಿತಾಂಶ ಬಂದ ಮಾರನೆಯ ದಿನ ಶಾಲೆಗಳ ಗೇಟಿಗೆ ಫ್ಲೆಕ್ಸ್ ಏರುತ್ತದೆ. 625ಕ್ಕೆ ಇಷ್ಟು ಎಂಬ ಅಂಕೆ, ಪಕ್ಕದಲ್ಲಿ ಮಗುವಿನ ಮುಖ. ಹಿಂದೆ ಬಿದ್ದ ಗೆಳೆಯನ ಪಕ್ಕ ಕೂತು ವರ್ಷವಿಡೀ ಲೆಕ್ಕ ಹೇಳಿಕೊಟ್ಟ ಹುಡುಗಿಯ ಮುಖ ಯಾವ ಫ್ಲೆಕ್ಸ್‌ನಲ್ಲೂ ಇರುವುದಿಲ್ಲ. ಯಾವುದಕ್ಕೆ ಹಾರ ಹಾಕುತ್ತೇವೋ ಅದನ್ನೇ ಮಗು ಪ್ರೀತಿಸಲು ಕಲಿಯುತ್ತದೆ.

ಕ್ರೈಸ್ತ ಶಿಕ್ಷಣದ ಹಳೆಯ ಮನೆ ಕಟ್ಟಿರುವುದೇ ಈ ತಿಳಿವಿನ ಮೇಲೆ. ಸಂತ ಅಗಸ್ಟೀನ್ ಮಿಲಾನಿನಲ್ಲಿ ಮಾತುಗಾರಿಕೆ ಕಲಿಸುತ್ತಿದ್ದ ಮೇಷ್ಟ್ರು. ದೊಡ್ಡ ಹುದ್ದೆ, ಒಳ್ಳೆಯ ಸಂಬಳ. 386ರಲ್ಲಿ ಅದನ್ನು ಬಿಟ್ಟರು. ಹದಿನಾರರ ವಯಸ್ಸಿನಲ್ಲಿ ಗೆಳೆಯರೊಂದಿಗೆ ಪಕ್ಕದ ತೋಟದ ಪೇರು ಹಣ್ಣು ಕದ್ದದ್ದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಬಿಡಿಸಿ ಬಿಡಿಸಿ ನೋಡುತ್ತಾರೆ. ಹಸಿವಿರಲಿಲ್ಲ, ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣಿತ್ತು, ಕದಿಯುವುದು ತಪ್ಪೆಂದು ಗೊತ್ತೂ ಇತ್ತು. ಕದಿಯುವುದರಲ್ಲೇ ಒಂದು ರುಚಿಯಿತ್ತು, ಅಷ್ಟೆ. ತಿಳಿವಳಿಕೆ ಸಾಲದೆ ಮನುಷ್ಯ ಕೆಡುವುದಿಲ್ಲ, ಅವನ ಪ್ರೀತಿ ದಾರಿ ತಪ್ಪಿದಾಗ ಕೆಡುತ್ತಾನೆ ಎಂಬುದನ್ನು ಅವರು ಅಲ್ಲಿ ಕಂಡರು. ಪ್ರೀತಿಸಬೇಕಾದ್ದನ್ನು ಪ್ರೀತಿಸಬೇಕಾದಷ್ಟು ಪ್ರೀತಿಸುವಂತೆ ಮಗುವನ್ನು ತಿದ್ದುವುದೇ ಶಿಕ್ಷಣ. ನಮ್ಮ ಪ್ರಗತಿಪತ್ರದಲ್ಲಿ ಇದಕ್ಕೊಂದು ಕಾಲಂ ಇಲ್ಲ.

ಆ ಹಳೆಯ ಪದ್ಧತಿ ವ್ಯಾಕರಣ, ತರ್ಕ, ವಾಕ್ಪಟುತ್ವ ಎಂಬ ಮೂರು ಮೆಟ್ಟಿಲಿನಿಂದ ಆರಂಭವಾಗುತ್ತಿತ್ತು. ಆಮೇಲೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಜೆಸ್ವಿತರು 1548ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಕಾಲೇಜು ತೆರೆದು, 1599ರಲ್ಲಿ ತಮ್ಮ ಶಾಲೆಗಳಿಗೆಲ್ಲ ಒಂದೇ ಪಾಠಕ್ರಮ ಹೊರಡಿಸಿದಾಗ ಇದೇ ಪರಂಪರೆಯನ್ನು ಕೈಗೆತ್ತಿಕೊಂಡರು. 1947ರಲ್ಲಿ ಲೇಖಕಿ ಡೊರೊತಿ ಸೇಯರ್ಸ್ ಆಕ್ಸ್‌ಫರ್ಡಿನ ಭಾಷಣವೊಂದರಲ್ಲಿ ಅದನ್ನು ಮತ್ತೆ ನೆನಪಿಸಿದರು. ಮಕ್ಕಳಿಗೆ ವಿಷಯಗಳನ್ನೇನೋ ಕಲಿಸುತ್ತಿದ್ದೇವೆ, ಯೋಚಿಸುವುದನ್ನು ಕಲಿಸುತ್ತಿಲ್ಲ ಎಂಬುದು ಅವರ ಸಂಕಟ. ಆ ಭಾಷಣದಿಂದ ಸ್ಫೂರ್ತಿ ಪಡೆದು ಅಮೆರಿಕದ ಐಡಾಹೊದಲ್ಲಿ 1981ರಲ್ಲಿ ಒಂದು ಶಾಲೆ ಶುರುವಾಯಿತು. ಅಲ್ಲಿ ಇದು ಈಗ ದೊಡ್ಡ ಚಳವಳಿ. ಅವರ ಲ್ಯಾಟಿನ್ ಅವರಿಗಿರಲಿ. ನಮಗೆ ಬೇಕಾದದ್ದು ಆ ಮೂರು ಮೆಟ್ಟಿಲು.

ಮೊದಲನೆಯದಾದ ವ್ಯಾಕರಣ ಶುರುವಾಗುವುದು ಬಾಯಿಪಾಠದಿಂದ. ಮಗ್ಗಿ, ಅಮರಕೋಶ, ಗಮಕಿಗಳ ಭಾರತ ಕೇಳಿ ಬೆಳೆದ ನಾಡಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪರೀಕ್ಷೆ ಮುಗಿದ ಮೇಲೆ ಮರೆಯಲೆಂದೇ ಉರುಹೊಡೆಯುವ ನೋಟ್ಸ್‌ನ ಮಾತಲ್ಲ ಇದು. 15ನೆಯ ಕೀರ್ತನೆಯನ್ನು ತೆಗೆದುಕೊಳ್ಳಿ, ಇರುವುದು ಐದೇ ವಚನ. ದೇವರ ಮನೆಯಲ್ಲಿ ಇರಲು ಯಾರು ಯೋಗ್ಯರು ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಉತ್ತರದಲ್ಲಿ ಪೂಜೆಯ ಮಾತಿಲ್ಲ, ಕಾಣಿಕೆಯ ಮಾತಿಲ್ಲ. ಮನಸಾರೆ ನಿಜ ಹೇಳುವವನು, ನೆರೆಯವನ ಮೇಲೆ ಚಾಡಿ ಹೇಳದವನು, ನಷ್ಟವಾದರೂ ಕೊಟ್ಟ ಮಾತಿಗೆ ತಪ್ಪದವನು, ಲಂಚ ಮುಟ್ಟದವನು ಎಂದಿದೆ. ಎಂಟು ವರ್ಷದ ಮಗು ಇದನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿಕೊಳ್ಳಲಿ. ಅರ್ಥ ಪೂರ್ತಿ ಆಗಬೇಕೆಂದಿಲ್ಲ. ಮೂವತ್ತನೆಯ ವಯಸ್ಸಿನಲ್ಲಿ ಮೇಜಿನ ಕೆಳಗಿಂದ ಯಾರೋ ಲಕೋಟೆ ಚಾಚಿದಾಗ ಅದು ತಾನಾಗಿ ನಾಲಗೆಗೆ ಬರಬೇಕು.

ಎರಡನೆಯದು ತರ್ಕ. ಏಳನೆಯ ತರಗತಿಯ ಮಕ್ಕಳ ಮುಂದೆ ಒಳ್ಳೆಯ ಸಮಾರ್ಯದವನ ಕಥೆ ಇಟ್ಟು ನೋಡಿ. ಗಾಯಗೊಂಡವನನ್ನು ಬಿಟ್ಟು ಆಚೆ ಬದಿಯಿಂದ ಹೋದ ಯಾಜಕ ಕೆಟ್ಟವನು ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಅಲ್ಲಿಗೆ ಪಾಠ ಮುಗಿಸಬೇಡಿ. ಆ ಯಾಜಕನ ಪರವಾಗಿ ವಾದ ಮಾಡಿ ಎನ್ನಿ. ಮೊದಲು ಸುಮ್ಮನಿರುತ್ತಾರೆ, ಆಮೇಲೆ ಒಬ್ಬೊಬ್ಬರದೇ ಕೈ ಮೇಲೇಳುತ್ತದೆ. ಕಳ್ಳರು ಇನ್ನೂ ಅಲ್ಲೇ ಅಡಗಿರಬಹುದಿತ್ತು. ಸತ್ತಿದ್ದರೆ ಮುಟ್ಟಿದವನಿಗೆ ಮೈಲಿಗೆ. ದೇವಾಲಯದ ಕೆಲಸಕ್ಕೆ ಹೊತ್ತಾಗಿರಬಹುದು. ಹಿಂದೆ ಬೇರೆ ಯಾರಾದರೂ ಬರುತ್ತಾರಲ್ಲ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯಿರಿ. ಬರೆದಾದ ಮೇಲೆ, ಇವುಗಳಲ್ಲಿ ಯಾವ ಕಾರಣವನ್ನು ನೀವು ಈ ವಾರ ಬಳಸಿದಿರಿ ಎಂದು ಕೇಳಿ. ಉತ್ತರವನ್ನು ಬಾಯಿಬಿಟ್ಟು ಹೇಳಿಸಬೇಡಿ, ತಮ್ಮೊಳಗೇ ಹೇಳಿಕೊಳ್ಳಲಿ. ತಾವು ಬೈದ ಯಾಜಕ ತಮ್ಮೊಳಗೇ ಕೂತಿದ್ದಾನೆ ಎಂದು ಅಂದು ಅವರಿಗೆ ತಿಳಿಯುತ್ತದೆ. ಮೌಲ್ಯಶಿಕ್ಷಣದ ಪುಸ್ತಕದಲ್ಲಿ ಬಿಟ್ಟ ಸ್ಥಳ ತುಂಬಿದರೆ ಇದು ಸಿಗುವುದಿಲ್ಲ.

ಥಾಮಸ್ ಅಕ್ವಿನಾಸ್ ತನ್ನ ಮಹಾಗ್ರಂಥದಲ್ಲಿ ಯಾವ ಪ್ರಶ್ನೆ ಎತ್ತಿಕೊಂಡರೂ ಮೊದಲು ಬರೆಯುವುದು ಎದುರಾಳಿಯ ವಾದ. ದೇವರಿದ್ದಾನೆಯೇ ಎಂಬ ಪ್ರಶ್ನೆಯಲ್ಲೂ ಇಲ್ಲ ಎನ್ನುವವರ ಮಾತಿಗೇ ಮೊದಲ ಜಾಗ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಓದುವ ಮೊದಲೇ ಹತ್ತು ಜನಕ್ಕೆ ತಳ್ಳುವ ಈ ದಿನಗಳಲ್ಲಿ, ಎದುರಿನವನ ಮಾತನ್ನು ಅವನೇ ಒಪ್ಪುವಂತೆ ಹೇಳಿ ಆಮೇಲೆ ಉತ್ತರ ಕೊಡುವ ಹುಡುಗ ಎಷ್ಟು ಮನೆಗಳನ್ನು, ಎಷ್ಟು ಊರುಗಳನ್ನು ಉಳಿಸಬಲ್ಲ!

ಮೂರನೆಯದು ಮಾತು. ಅಗಸ್ಟೀನ್ ಮಾತಿನ ಕಲೆಯನ್ನೆಲ್ಲ ವಿವರಿಸಿದ ಮೇಲೆ, ಕೇಳುವವರ ಮೇಲೆ ಮಾತಿಗಿಂತ ಹೆಚ್ಚು ತೂಕ ಬೀಳುವುದು ಮಾತಾಡುವವನ ಬದುಕಿನದು ಎನ್ನುತ್ತಾರೆ. ಭಾಷಣ ಸ್ಪರ್ಧೆಗೆ ಮೇಷ್ಟ್ರು ಬರೆದುಕೊಟ್ಟದ್ದನ್ನು ಒಪ್ಪಿಸಿ ಕಪ್ ತರುವ ಮಗು ಕಲಿಯುವುದು ಇದಕ್ಕೆ ತದ್ವಿರುದ್ಧವಾದದ್ದನ್ನು.

ಇದೆಲ್ಲ ಯುರೋಪಿನ ಸರಕು, ನಮಗೇಕೆ ಎನ್ನುವವರಿಗೆ ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ ನೆಲೆಸಿದ್ದ ಗುಡ್ಡ ತೋರಿಸುತ್ತೇನೆ. 1834ರಲ್ಲಿ ಆ ಮಿಷನ್ ಈ ಕರಾವಳಿಗೆ ಬಂತು. ಹರ್ಮನ್ ಮೋಗ್ಲಿಂಗ್ ಬಂದದ್ದು ಸುವಾರ್ತೆ ಸಾರಲು, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಆ ಮನುಷ್ಯ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಅದೇ ಮಿಷನ್ನಿನ ಕಿಟ್ಟೆಲ್ ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಸಂಪಾದಿಸಿ, 1894ರಲ್ಲಿ ಆ ಮಹಾನಿಘಂಟು ಕೊಟ್ಟರು. ವ್ಯಾಕರಣವೆಂಬ ಮೊದಲ ಮೆಟ್ಟಿಲನ್ನು ಅವರು ಲ್ಯಾಟಿನ್‌ನಲ್ಲಿ ಕಟ್ಟಲಿಲ್ಲ, ಈ ನೆಲದ ಕನ್ನಡದಲ್ಲೇ ಕಟ್ಟಿದರು. ಬೇರೆಯವರ ಕಾವ್ಯ ಓದುವುದು ಕ್ರೈಸ್ತರಿಗೆ ಹೊಸದೂ ಅಲ್ಲ. ನಾಲ್ಕನೆಯ ಶತಮಾನದಲ್ಲೇ ಸಂತ ಬೇಸಿಲ್ ಕ್ರೈಸ್ತ ತರುಣರಿಗೆ, ಜೇನುಹುಳು ಹೂಗಳಿಂದ ಆಯ್ದುಕೊಳ್ಳುವಂತೆ ಗ್ರೀಕ್ ಕಾವ್ಯಗಳಿಂದ ಒಳ್ಳೆಯದನ್ನು ಆಯ್ದುಕೊಳ್ಳಿ ಎಂದು ಬುದ್ಧಿ ಹೇಳಿದ್ದರು. ಇಂದು ಆ ಹಿರಿಯರ ಹೆಸರು ಹೇಳುವ ನಮ್ಮ ಎಷ್ಟು ಶಾಲೆಗಳಲ್ಲಿ ಮಕ್ಕಳು ಕನ್ನಡ ಮಾತಾಡಿದರೆ ದಂಡ ಹಾಕುತ್ತಾರೆ! ಪಂಪನ ಕರ್ಣ ನನ್ನಿಗೆ, ಅಂದರೆ ಸತ್ಯಕ್ಕೆ, ಹೆಸರಾದವನು ಎಂದು ತಿಳಿಯದ, ಬಸವಣ್ಣನ ವಚನ ನಾಲ್ಕು ಬಾರದ ಕ್ರೈಸ್ತ ಮಗು ಬೈಬಲನ್ನೂ ಬಡವಾಗಿಯೇ ಓದುತ್ತದೆ ಎಂಬುದು ನನ್ನ ದೃಢ ನಂಬಿಕೆ.

ನಮ್ಮ ಶಾಲೆಗಳಲ್ಲಿ ಹೆಚ್ಚಿನ ಮಕ್ಕಳು ಬೇರೆ ಧರ್ಮದವರು. ಅವರ ಮೇಲೆ ನಮ್ಮ ಪ್ರಾರ್ಥನೆ ಹೇರುವ ಅಧಿಕಾರ ನಮಗಿಲ್ಲ. ಸಂವಿಧಾನದ 28ನೆಯ ವಿಧಿ ಅದನ್ನು ಸ್ಪಷ್ಟವಾಗಿ ಹೇಳಿದೆ, ಅದು ಸರಿಯಾದದ್ದೂ ಹೌದು. ನಿಜ ಹೇಳುವುದು, ನ್ಯಾಯವಾಗಿ ವಾದಿಸುವುದು, ಬಿದ್ದವನ ಬಳಿ ನಿಲ್ಲುವುದು ಎಲ್ಲ ಮನೆಯ ಮಕ್ಕಳಿಗೂ ಸೇರಿದ್ದು. ನಮ್ಮ ನಂಬಿಕೆ ಆ ಮಕ್ಕಳಿಗೆ ಕಾಣಬೇಕಾದದ್ದು ನಾವು ಅವರನ್ನು ನಡೆಸಿಕೊಳ್ಳುವ ರೀತಿಯಲ್ಲಿ.

30ನೆಯ ವಿಧಿಯ ಹಕ್ಕಿಗೆ ಧಕ್ಕೆ ಬಂದಾಗಲೆಲ್ಲ ನಾವು ಕೋರ್ಟಿಗೆ ಹೋಗಿದ್ದೇವೆ. ನಮ್ಮ ಶಾಲೆ ನಾವೇ ನಡೆಸುತ್ತೇವೆ ಎಂಬ ಆ ಹಕ್ಕು ದೊಡ್ಡದು. ಆದರೆ ಅದರಿಂದ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ? 2014ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದು ತೀರ್ಪು ಕೊಟ್ಟಿತು. ಬಡಮಕ್ಕಳಿಗೆ ಶೇ 25 ಸೀಟು ಕೊಡುವ ಕಟ್ಟುಪಾಡಿನಿಂದ ನಾವು ಬಿಡುಗಡೆಯಾದೆವು. ಬಿಡುಗಡೆ ಮಾಡಿದ್ದು ಕೋರ್ಟು. ಯೇಸುಸ್ವಾಮಿ ಬಿಟ್ಟಿದ್ದಾರೆಯೇ? ಕಾಯಿದೆ ಕೇಳದಿದ್ದರೂ ಬಡವರ ಮಕ್ಕಳನ್ನು ಕೂರಿಸಿಕೊಂಡ ಕ್ರೈಸ್ತ ಶಾಲೆಗಳಿವೆ. ಅವುಗಳ ಋಣ ನಮ್ಮ ಮೇಲಿದೆ. ಡೊನೇಷನ್ ಪಟ್ಟಿ ಹಿಡಿದು ಕೂತವೂ ಇವೆ. ನಮ್ಮ ಶಾಲೆಗಳು ಹೊತ್ತ ಹೆಸರುಗಳಲ್ಲೊಂದನ್ನು ನೆನೆಯಿರಿ. ಸಂತ ಅಲೋಶಿಯಸ್ ಗೊನ್ಜಾಗ ಶ್ರೀಮಂತ ಮನೆತನದ ಹಿರಿಯ ಮಗ. ಆಸ್ತಿಯ ಹಕ್ಕು ಬಿಟ್ಟು ಜೆಸ್ವಿತರನ್ನು ಸೇರಿ, 1591ರಲ್ಲಿ ರೋಮಿನ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಾ ಸೋಂಕು ತಗಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತಮೂರು ವರ್ಷ. ಮಂಗಳೂರಿನಲ್ಲಿ 1880ರಲ್ಲಿ ಆ ಹುಡುಗನ ಹೆಸರಿನಲ್ಲಿ ಕಾಲೇಜು ಶುರುವಾಯಿತು. ಅಲ್ಲಿನ ಚಾಪೆಲ್‌ನಲ್ಲಿ ಆಂಟೋನಿಯೊ ಮೊಸ್ಕೇನಿ ಅವನ ಬದುಕನ್ನು ಬಣ್ಣದಲ್ಲಿ ಬಿಡಿಸಿದ್ದಾರೆ. ಸಂತರ ಹೆಸರಿಟ್ಟುಕೊಂಡ ನಮ್ಮ ಪ್ರತಿಯೊಂದು ಶಾಲೆಯೂ ಆ ಹೆಸರಿನ ಸಾಲ ಹೊತ್ತಿದೆ.

ಇನ್ನೊಂದು ಮಾತು, ಹೇಳಲು ಸಂಕಟವಾಗುತ್ತದೆ. ಒಂದು ಸಂಬಳಕ್ಕೆ ಸಹಿ ಹಾಕಿಸಿ ಇನ್ನೊಂದನ್ನು ಕೈಗೆ ಕೊಡುವ ಖಾಸಗಿ ಶಾಲೆಗಳು ನಾಡಿನಲ್ಲಿವೆ. ನಮ್ಮವುಗಳಲ್ಲಿ ಒಂದೇ ಒಂದು ಹಾಗಿದ್ದರೂ ಅಲ್ಲಿ ನೀತಿಪಾಠ ಮಾಡುವ ಆ ಟೀಚರಮ್ಮನ ಗಂಟಲಲ್ಲಿ ದನಿ ಹೇಗೆ ಹೊರಡಬೇಕು? ನಿಜ ಹೇಳು ಎಂದು ಮಗುವಿಗೆ ಹೇಳುವ ಬಾಯಿಗೆ ಅವಳ ಆಡಳಿತ ಮಂಡಳಿಯೇ ಬೀಗ ಹಾಕಿದೆ. ಮಕ್ಕಳಿಗೆ ಇದು ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ, ಅವರಿಗೆ ಎಲ್ಲವೂ ಗೊತ್ತಾಗುತ್ತದೆ.

ತಂದೆತಾಯಿಗಳೇ, ದಿನಕ್ಕೆ ಕಾಲು ಗಂಟೆ ಮಕ್ಕಳ ಜೊತೆ ಕೂತು ಒಂದು ದೊಡ್ಡ ಪುಸ್ತಕವನ್ನು ಗಟ್ಟಿಯಾಗಿ ಓದಿ. ಜಪಸರವೋ ಕುಟುಂಬ ಪ್ರಾರ್ಥನೆಯೋ ಮುಗಿದ ಮೇಲೆ, ಇಂದು ಯಾರಿಗೆ ಸುಳ್ಳು ಹೇಳಿದೆ, ಯಾರನ್ನು ನೋಯಿಸಿದೆ ಎಂದು ಮಕ್ಕಳ ಎದುರಿಗೇ ಮೊದಲು ನೀವು ಹೇಳಿ. ಇಗ್ನೇಶಿಯಸ್ ಲೊಯೋಲ ದಿನಕ್ಕೆ ಎರಡು ಸಲ ಮಾಡಿ ಎಂದಿದ್ದ ಆತ್ಮಪರೀಕ್ಷೆಯನ್ನು ನೀವು ಒಂದು ಸಲವಾದರೂ ಮಾಡಿ. ನಲವತ್ತು ವರ್ಷದ ಅಪ್ಪ ತಪ್ಪಾಯಿತು ಎನ್ನುವುದನ್ನು ಕೇಳಿಸಿಕೊಂಡ ಮಗುವಿಗೆ ಬೇರೆ ನೀತಿಕಥೆ ಬೇಕಾಗುವುದಿಲ್ಲ.

ಆಡಳಿತ ಮಂಡಳಿಯ ಹಿರಿಯರೇ, ಮುಂದಿನ ವರ್ಷದ ಪ್ರವೇಶಕ್ಕಾಗಿ ಮೇ ತಿಂಗಳಲ್ಲಿ ಸಭೆ ಕೂತಾಗ ಶುಲ್ಕದ ವಿಷಯ ಎತ್ತುವ ಮೊದಲು ಎರಡು ಕೆಲಸ ಮುಗಿಸಿ. ಅಧ್ಯಾಪಕರ ಕೈಗೆ ಎಷ್ಟು ಸಂಬಳ ಹೋಗುತ್ತಿದೆ ಎಂಬ ಪಟ್ಟಿ ತರಿಸಿ, ಸಹಿಯ ಪುಸ್ತಕದ ಪಕ್ಕದಲ್ಲಿಟ್ಟು ನೋಡಿ. ಆಮೇಲೆ ಒಂದನೆಯ ತರಗತಿಯ ಸೀಟುಗಳಲ್ಲಿ ನಾಲ್ಕರಲ್ಲೊಂದನ್ನು ತೆಗೆದಿಟ್ಟು, ಶಾಲೆಯ ಗೇಟಿನಿಂದ ಒಂದು ಕಿಲೋಮೀಟರಿನೊಳಗೆ ಕೂಲಿ ಮಾಡುವವರ ಮನೆಗಳಿಗೆ ನೀವೇ ಹೋಗಿ ಮಕ್ಕಳ ಹೆಸರು ಬರೆದುಕೊಂಡು ಬನ್ನಿ.