ಮಾಯದ ಕಲೆಗೆ ಅಂಗಡಿಯ ಮುಲಾಮು ಬೇಡ

ಕ್ಷಯ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಕೆಮ್ಮು, ಕಫ, ಎದೆಯ ಎಕ್ಸ್‌ರೇ. ಅದೇ ರೋಗಾಣು ಚರ್ಮದಲ್ಲಿಯೂ ಮನೆ ಮಾಡಬಲ್ಲದೆಂಬುದು ಅನೇಕರಿಗೆ ಗೊತ್ತಿಲ್ಲ. ಶ್ವಾಸಕೋಶದ ಹೊರಗೆ ಕಾಣುವ ಕ್ಷಯದಲ್ಲಿ ಚರ್ಮದ ಪಾಲು ನೂರಕ್ಕೆ ಒಂದೆರಡು ಮಾತ್ರ. ಅಪರೂಪದ್ದೆಂಬ ಕಾರಣಕ್ಕೇ ಅದು ಕಣ್ತಪ್ಪಿಸಿಕೊಳ್ಳುತ್ತದೆ.

ಇದರ ವೇಷಗಳು ಹಲವು. ಮುಖ, ಪೃಷ್ಠ ಅಥವಾ ಕಾಲಿನ ಮೇಲೆ ಕೆಂಪು-ಕಂದು ಬಣ್ಣದ ದಪ್ಪ ಕಲೆಯೊಂದು ಏಳುತ್ತದೆ. ನೋವಿಲ್ಲ, ತುರಿಕೆಯೂ ಅಷ್ಟಿಲ್ಲ. ಒಂದು ಕಡೆ ಮಾಯ್ದಂತೆ ಕಂಡು ಇನ್ನೊಂದು ಅಂಚಿನಲ್ಲಿ ವರ್ಷಗಟ್ಟಲೆ ಹರಡುತ್ತ ಹೋಗುತ್ತದೆ. ಬರಿಗಾಲಲ್ಲಿ ಎರೆಹೊಲ ತುಳಿಯುವವರ ಪಾದದಲ್ಲಿ ನರುಲಿಯಂತೆ ಬೆಳೆಯಬಹುದು. ಕೊರಳಿನ ಗಂಡಮಾಲೆ ಒಡೆದು ಸೋರುವ ಹುಣ್ಣಾಗಬಹುದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಓದುಗರೇ, ಇಂಥ ಕಲೆ ಕಂಡಾಗ ನೀವು ಮಾಡುವುದೇನು? ಹುಳಕಡ್ಡಿಯೆಂದು ತಿಳಿದು ಔಷಧ ಅಂಗಡಿಯಿಂದ ಒಂದು ಟ್ಯೂಬು ಮುಲಾಮು ತರುತ್ತೀರಿ. ಅಂಥ ಎಷ್ಟೋ ಮುಲಾಮುಗಳಲ್ಲಿ ಬೂಷ್ಟಿನ ಔಷಧದ ಜೊತೆಗೆ ಬಲವಾದ ಸ್ಟೆರಾಯ್ಡ್ ಬೆರೆತಿರುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ.

ಚರ್ಮದ ಕೋಶಗಳಲ್ಲಿ, ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳಲ್ಲಿ ಹುಟ್ಟಿನಿಂದಲೇ ಕೆಲವು ಗ್ರಾಹಕಗಳಿವೆ. ಹಣ್ಣಿನ ನೊಣದಲ್ಲಿ ಮೊದಲು ಗುರುತಿಸಿದ 'ಟೋಲ್' ಎಂಬ ಜೀನಿನಿಂದ ಇವಕ್ಕೆ ಟೋಲ್ ಮಾದರಿಯ ಗ್ರಾಹಕಗಳೆಂಬ ಹೆಸರು ಬಂದಿದೆ. ಇವುಗಳಲ್ಲಿ ಎರಡನೆಯ ನಂಬರಿನದು ಕ್ಷಯಾಣುವಿನ ಹೊದಿಕೆಯಲ್ಲಿರುವ ಕೊಬ್ಬು ಬೆರೆತ ಪ್ರೋಟೀನನ್ನು ಗುರುತಿಸಿ ಕೋಶದೊಳಗೆ ಸುದ್ದಿ ಮುಟ್ಟಿಸುತ್ತದೆ. ಆಗ ಉಳಿದ ರಕ್ಷಕ ಕೋಶಗಳು ಬಂದು ರೋಗಾಣುವನ್ನು ಮುತ್ತುತ್ತವೆ. ನಿಮಗೆ ಕಾಣುವ ಗಂಟು, ಕೆಂಪು ಎಲ್ಲ ಈ ಮುತ್ತಿಗೆಯ ಗುರುತು. ಹುಟ್ಟಿನಿಂದ ಬಂದ ಈ ಕಾವಲಿನ ಗುಟ್ಟನ್ನು ಬಿಡಿಸಿದ ಜೂಲ್ಸ್ ಹಾಫ್‌ಮನ್ ಮತ್ತು ಬ್ರೂಸ್ ಬ್ಯೂಟ್ಲರ್ ಅವರಿಗೆ 2011ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಸ್ಟೆರಾಯ್ಡ್ ಈ ಕಾವಲುಗಾರನ ಕಣ್ಣು ಕಟ್ಟುವುದಿಲ್ಲ, ಅವನು ಕೊಟ್ಟ ಸುದ್ದಿಯನ್ನು ಅಡಗಿಸುತ್ತದೆ. ಕಿತ್ತೂರಿನ ಕೋಟೆಯಲ್ಲಿ ಮದ್ದಿಗೆ ಸಗಣಿ ಬೆರೆಸಿದರೆಂಬ ಕಥೆಯನ್ನು ಹಿರಿಯರಿಂದ ಕೇಳಿದ್ದೀರಲ್ಲ, ಹಾಗೆ. ವೈರಿ ಕಣ್ಣೆದುರಿಗಿದ್ದರೂ ತೋಪು ಹಾರುವುದಿಲ್ಲ. ಕೆಂಪು ಇಳಿಯುತ್ತದೆ, ನೀವು ಗುಣವಾಯಿತೆಂದು ಹಿಗ್ಗುತ್ತೀರಿ, ರೋಗಾಣು ಒಳಗೆ ಉಳಿಯುತ್ತದೆ.

2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಬೇಕಾದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೆ ಅಂಗಡಿಗೆ ಹೋಗಿ ಕೇಳುವವರು ನೀವೇ ಅಲ್ಲವೇ? ಇನ್ನು ಕ್ಷಯದ ಪ್ರಚಾರವೂ ಕೆಮ್ಮಿನ ಸುತ್ತಲೇ ಸುತ್ತುತ್ತದೆ. ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಮಾಯದ ಕಲೆ, ಕೊರಳಿನ ಗಂಟುಗಳ ಬಗ್ಗೆಯೂ ವಿಚಾರಿಸುವಂತಾಗಬೇಕು.

ಒಂದೂವರೆ ಎರಡು ತಿಂಗಳಾದರೂ ಮಾಯದ ಕಲೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿರಿ. ಅದರ ಮೇಲೆ ಸ್ಪರ್ಶ ತಿಳಿಯದಿದ್ದರೆ ಕುಷ್ಠವಿರಬಹುದು, ಅದಂತೂ ತಡ ಮಾಡುವ ಮಾತೇ ಅಲ್ಲ. ಚರ್ಮದ ಕ್ಷಯದಲ್ಲಿ ರೋಗಾಣುಗಳು ಬಹಳ ಸಲ ವಿರಳ. ಆದ್ದರಿಂದ ಚರ್ಮದ ಚೂರೊಂದನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ, ಶ್ವಾಸಕೋಶವನ್ನೂ ನೋಡುತ್ತಾರೆ. ಕ್ಷಯವೆಂದಾದರೆ ಸಾಮಾನ್ಯವಾಗಿ 6 ತಿಂಗಳ ಗುಳಿಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಇದ್ದ ನೆರವು 2024ರ ನವೆಂಬರಿನಿಂದ 1,000 ರೂಪಾಯಿ ಆಗಿದೆ.

ಮದುವೆಗೆ ಬಂದ ಮಗಳ ಕಲೆಯನ್ನು ಮುಚ್ಚಿಡುವ ತಾಯಂದಿರಿಗೆ ಒಂದು ಮಾತು. ಶ್ವಾಸಕೋಶದಲ್ಲಿಯೂ ಕ್ಷಯವಿಲ್ಲದಿದ್ದರೆ ಇದು ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವ ರೋಗವಲ್ಲ. ತಾಟು-ಹಾಸಿಗೆ ಬೇರೆ ಮಾಡಬೇಕಿಲ್ಲ. ತಡವಾದಷ್ಟೂ ಉಳಿಯುವ ಗಾಯದ ಗುರುತು ದೊಡ್ಡದು.

ಆಸ್ಪತ್ರೆಗೆ ಹೊರಡುವಾಗ ಈವರೆಗೆ ಹಚ್ಚಿದ ಮುಲಾಮಿನ ಟ್ಯೂಬನ್ನೂ ಚೀಲದಲ್ಲಿ ಹಾಕಿಕೊಳ್ಳಿರಿ. ಅದರಲ್ಲಿ ಏನಿತ್ತೆಂದು ವೈದ್ಯರಿಗೆ ಗೊತ್ತಾಗಬೇಕು.