ನಡಿಗೆಯ ಕುದುರೆಗಳ ಸಂಘಗಳೂ ಬಹುಮಾನದ ವಿಚಾರವೂ

ಅಮೆರಿಕಾ ಸಂಯುಕ್ತ ಸಂಸ್ಥಾನದ ಟೆನೆಸಿ ಮತ್ತು ಮಿಸೌರಿ ಪ್ರಾಂತಗಳಲ್ಲಿ ಕುದುರೆ ಸಾಕುವವರೇ ಸೇರಿ ಸ್ಥಾಪಿಸಿಕೊಂಡ ಎರಡು ತಳಿ ಸಂಘಗಳಿರುತ್ತವೆ. ಎರಡರ ಉದ್ದೇಶವೂ ಒಂದೇ: ಸವಾರನನ್ನು ಕುಲುಕದೆ ದಿನವೆಲ್ಲ ಹೊತ್ತು ನಡೆಯಬಲ್ಲ ಕುದುರೆಯ ವಂಶವನ್ನು ಕೆಡದಂತೆ ಕಾಯುವುದು. ಎರಡು ಕಡೆಯೂ ವಂಶಾವಳಿಯ ಪುಸ್ತಕ ತೆರೆಯಲ್ಪಟ್ಟಿತು, ಪ್ರದರ್ಶನಗಳು ನಡೆದವು, ಬಹುಮಾನಗಳು ಹಂಚಲ್ಪಟ್ಟವು. ಹೀಗಿದ್ದರೂ ಒಂದು ತಳಿಯ ಪ್ರದರ್ಶನಾಂಗಣವನ್ನು ಹದ್ದಿನಲ್ಲಿಡುವುದಕ್ಕೆ ಆ ದೇಶದ ಸರ್ಕಾರವು 1970ರಲ್ಲಿ ಶಾಸನವನ್ನೇ ಮಾಡಬೇಕಾಗಿ ಬಂದಿತು. ಜಾತ್ರೆಗಳಲ್ಲಿ ರಾಸುಗಳ ಪ್ರದರ್ಶನವನ್ನೇರ್ಪಡಿಸಿ ಬಹುಮಾನಗಳನ್ನು ಕೊಡಿಸುವ ಗ್ರಾಮದ ಮುಖಂಡರೂ ಜಮೀನುದಾರರೂ ಈ ವೃತ್ತಾಂತವನ್ನು ತಿಳಿದಿರುವುದು ಒಳ್ಳೆಯದು.

ನಡಿಗೆಯ ಕುದುರೆ ಎಂದರೇನೆಂಬುದನ್ನು ಮೊದಲು ಹೇಳಬೇಕಾಗಿದೆ. ಸಾಧಾರಣ ಕುದುರೆಯು ಹೆಜ್ಜೆನಡಿಗೆಯನ್ನು ಬಿಟ್ಟು ವೇಗವನ್ನು ಹಿಡಿಯಿತೆಂದರೆ ಕುಕ್ಕುಲೋಟಕ್ಕೆ ತೊಡಗುತ್ತದೆ. ಆಗ ಒಂದು ಪಕ್ಕದ ಮುಂಗಾಲೂ ಮತ್ತೊಂದು ಪಕ್ಕದ ಹಿಂಗಾಲೂ ಒಮ್ಮೆಗೇ ನೆಲವನ್ನು ಮುಟ್ಟುತ್ತವೆ. ಎರಡು ಮೆಟ್ಟುಗಳ ನಡುವೆ ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುತ್ತವೆ. ಸವಾರನು ಜೀನಿನ ಮೇಲೆ ಎದ್ದು ಬೀಳುತ್ತಿರುತ್ತಾನೆ. ನಡಿಗೆಯ ಕುದುರೆಯಲ್ಲಾದರೋ ನಾಲ್ಕು ಗೊರಸುಗಳೂ ಒಂದಾದ ಮೇಲೊಂದು ಬೀಳುವುದರಿಂದ ಯಾವುದಾದರೊಂದು ಕಾಲು ಸದಾ ನೆಲದ ಮೇಲೆ ಇದ್ದೇ ಇರುತ್ತದೆ. ಟೆನೆಸಿಯ ಕುದುರೆಯು ವೇಗವಾಗಿ ನಡೆಯುವಾಗ ಅದರ ಹಿಂಗಾಲು ಮುಂಗಾಲಿನ ಹೆಜ್ಜೆಗುರುತನ್ನು ದಾಟಿ ಹಲವು ಅಂಗುಲ ಮುಂದಕ್ಕೆ ಬೀಳುತ್ತದೆ. ತಲೆಯು ಹೆಜ್ಜೆಗೆ ಸರಿಯಾಗಿ ತೂಗುತ್ತದೆ. ಮಿಸೌರಿಯ ಕುದುರೆಯಲ್ಲಿ ಮುಂಗಾಲು ನೆಲವನ್ನು ಮುಟ್ಟಿದ ಕ್ಷಣಮಾತ್ರದ ಮೇಲೆ ಎದುರು ಪಕ್ಕದ ಹಿಂಗಾಲು ಜಾರಿದಂತೆ ಬಂದು ಊರುತ್ತದೆ. ಇದಕ್ಕೆ ಅಲ್ಲಿಯವರು ಫಾಕ್ಸ್ ಟ್ರಾಟ್ ಎನ್ನುತ್ತಾರೆ. ಈ ಜಾತಿಯ ಗುಣ ಭಾರತಕ್ಕೆ ಹೊಸದೇನೂ ಅಲ್ಲ. ಮಾರವಾಡದ ಕುದುರೆಗಳ ರೇವಾಲ್ ಎಂಬ ನಡಿಗೆ ಇದೇ ಕುಲಕ್ಕೆ ಸೇರಿದ್ದು.

ಈ ನಡಿಗೆ ಹುಟ್ಟುಗುಣವೇ ಹೊರತು ಕಲಿಸಿ ಬರಿಸುವ ಗಾರುಡಿಯಲ್ಲವೆಂದು ಹಳೆಯ ಸಾಕಣೆಗಾರರು ಅನುಭವದಿಂದಲೇ ಬಲ್ಲವರಾಗಿದ್ದರು. 2012ರಲ್ಲಿ ಸ್ವೀಡನ್ ದೇಶದ ಉಪ್ಸಾಲಾದ ವಿಜ್ಞಾನಿಗಳು ಪ್ರಮುಖರಾಗಿ ನಡೆಸಿದ ಸಂಶೋಧನೆಯು ಇದನ್ನು ಪ್ರಮಾಣಪಡಿಸಿತು. ಡಿಎಂಆರ್‌ಟಿ3 ಎಂಬ ಒಂದು ವಂಶವಾಹಿಯಲ್ಲಿನ ಬದಲಾವಣೆಯು ಇಂತಹ ನಡಿಗೆಗೆ ಮುಖ್ಯ ಕಾರಣವೆಂದೂ, ಲೋಕದ ಬಹುತೇಕ ನಡಿಗೆಯ ತಳಿಗಳಲ್ಲಿ ಅದು ಹರಡಿಕೊಂಡಿರುವುದೆಂದೂ ಗೊತ್ತಾಯಿತು. ತರಬೇತಿಯಿಂದ ನಡಿಗೆಯನ್ನು ತಿದ್ದಬಹುದು, ಹದಗೊಳಿಸಬಹುದು, ಇಲ್ಲದುದನ್ನು ಹುಟ್ಟಿಸಲಾಗುವುದಿಲ್ಲ. ಮುಂದೆ ಹೇಳತಕ್ಕ ಸಂಗತಿಗಳು ಎಷ್ಟು ಅನಾವಶ್ಯಕವಾದ ಪಾಪವೆಂಬುದು ಇದರಿಂದ ತಿಳಿಯುತ್ತದೆ.

ಟೆನೆಸಿಯ ಮಧ್ಯಭಾಗದ ಜಮೀನುದಾರರು ತಮ್ಮ ಹೊಲಗಳನ್ನು ಬೆಳಗಿನಿಂದ ಸಂಜೆಯವರೆಗೆ ಕುದುರೆಯ ಮೇಲೆ ಸುತ್ತಿ ನೋಡಬೇಕಾಗಿದ್ದಿತು. ಬೆನ್ನು ಮುರಿಯದ ಸವಾರಿಯೇ ಅವರಿಗೆ ಬೇಕಾಗಿದ್ದುದು. 1886ರಲ್ಲಿ ಹುಟ್ಟಿದ ಬ್ಲ್ಯಾಕ್ ಆಲನ್ ಎಂಬ ಕಪ್ಪು ಗಂಡು ಕುದುರೆಯನ್ನು ಕುಕ್ಕುಲೋಟದ ಪಂದ್ಯಕ್ಕೆಂದು ಸಾಕಿದ್ದರೂ, ಅದು ಆ ಓಟವನ್ನು ಹಿಡಿಯದೆ ತನ್ನದೇ ನಡಿಗೆಗೆ ಬೀಳುತ್ತಿದ್ದುದರಿಂದ ಪಂದ್ಯಕ್ಕೆ ಉಪಯೋಗವಿಲ್ಲವೆನ್ನಿಸಿಕೊಂಡು ಕೈಯಿಂದ ಕೈಗೆ ಮಾರಾಟವಾಯಿತು. ಕಡೆಗೆ ಟೆನೆಸಿಯ ಸಾಕಣೆಗಾರರ ಕೈಸೇರಿ, 1910ರಲ್ಲಿ ಸಾಯುವುದರೊಳಗೆ ಒಂದು ತಳಿಗೇ ಮೂಲಪುರುಷನಾಯಿತು. 1935ರಲ್ಲಿ ಲೂಯಿಸ್‌ಬರ್ಗ್ ಪಟ್ಟಣದಲ್ಲಿ ಸಾಕಣೆಗಾರರ ಸಂಘವು ಏರ್ಪಟ್ಟಾಗ ವಂಶಾವಳಿಯ ಮೊದಲನೆಯ ಅಂಕವನ್ನು ಅದಕ್ಕೇ ಕೊಟ್ಟರು. ಪಂದ್ಯದವರು ಬೇಡವೆಂದು ಬಿಟ್ಟುದನ್ನು ಬೇಸಾಯಗಾರರು ಬೇಕೆಂದು ಹಿಡಿದ ಈ ಕಥೆಯು ಬೀಜದ ಹೋರಿಯನ್ನು ಆರಿಸುವವರು ಮನನ ಮಾಡತಕ್ಕದ್ದು. 1939ರಲ್ಲಿ ಷೆಲ್ಬಿವಿಲ್ ಎಂಬ ಊರಿನಲ್ಲಿ ಈ ಕುದುರೆಗಳ ವಾರ್ಷಿಕ ಪ್ರದರ್ಶನವು ಪ್ರಾರಂಭವಾಯಿತು. ಮೊದಲನೆಯ ವರ್ಷ ಗೆದ್ದ ಸ್ಟ್ರೋಲಿಂಗ್ ಜಿಮ್ ಎಂಬ ಕುದುರೆಯು ಅದಕ್ಕೆ ಮುಂಚೆ ಗಾಡಿಗೂ ನೇಗಿಲಿಗೂ ಹೂಡಲ್ಪಟ್ಟಿದ್ದುದೆಂದು ಪ್ರತೀತಿಯಿದೆ.

ಅಂಥ ಕುದುರೆಗೆ ಅಲ್ಲಿ ಬಹುಮಾನ ಬರುವ ಕಾಲವು ಬಹಳ ದಿವಸ ಉಳಿಯಲಿಲ್ಲ. 1950ರ ದಶಕದಲ್ಲಿ ಪ್ರೇಕ್ಷಕರ ಚಪ್ಪಾಳೆಯೂ ತೀರ್ಪುಗಾರರ ಮೆಚ್ಚಿಕೆಯೂ ಬೇರೊಂದು ಕಡೆಗೆ ತಿರುಗಿದವು. ಮುಂಗಾಲನ್ನು ಎದೆಯವರೆಗೆ ಎತ್ತಿ ಎಸೆದು, ಹಿಂಭಾಗವನ್ನು ಕುಸಿದು ನಡೆಯುವ ವಿಚಿತ್ರ ಭಂಗಿಗೆ ಬಹುಮಾನ ಬರತೊಡಗಿತು. ಹೊಲವನ್ನು ಸುತ್ತುವುದಕ್ಕೂ ಈ ಭಂಗಿಗೂ ಯಾವ ಸಂಬಂಧವೂ ಇಲ್ಲ. ಗೊರಸಿನ ಕೆಳಗೆ ಅಂಗುಲಗಟ್ಟಲೆ ದಪ್ಪದ ಅಟ್ಟೆಗಳನ್ನು ಕಟ್ಟಿ, ಭಾರವಾದ ಲಾಳಗಳನ್ನು ಹೊಡೆದರು. ಅದೂ ಸಾಲದೆಹೋದಾಗ ಕೆಲವರು ಗೊರಸಿನ ಮೇಲಣ ಗಂಟಿನ ಚರ್ಮಕ್ಕೆ ಸಾಸಿವೆಯ ತೈಲ, ಸೀಮೆಎಣ್ಣೆ ಮೊದಲಾದ ಉರಿಯುವ ದ್ರವ್ಯಗಳನ್ನು ಹಚ್ಚಿ, ಬಟ್ಟೆ ಸುತ್ತಿ, ಹುಣ್ಣಾದ ಮೇಲೆ ಸರಪಣಿಯನ್ನು ತೊಡಿಸಿ ನಡೆಸಿದರು. ಹೆಜ್ಜೆಹೆಜ್ಜೆಗೂ ಸರಪಣಿಯು ಹುಣ್ಣಿಗೆ ಬಡಿಯುತ್ತಿರಲಾಗಿ, ಕೆಂಡವನ್ನು ತುಳಿದಂತೆ ಕುದುರೆಯು ಕಾಲನ್ನು ಸರಕ್ಕನೆ ಮೇಲಕ್ಕೆತ್ತುತ್ತಿತ್ತು. ಆ ನೋವಿನ ಕುಣಿತವನ್ನು ನೋಡಿ ಜನರು ಸೊಗಸೆಂದರು. ವರ್ಷಗಳ ಸಾಕಣೆಯಿಂದ ಪಡೆಯಬೇಕಾದುದನ್ನು ಒಂದು ಸೀಸೆ ತೈಲದಿಂದ ಪಡೆಯಬಹುದಾದಾಗ ಒಳ್ಳೆಯ ವಂಶಕ್ಕೆ ಬೆಲೆ ಎಲ್ಲಿಂದ ಬರಬೇಕು? ಪ್ರಾಣಿಹಿಂಸೆಯ ಮಾತು ಹಾಗಿರಲಿ, ಸಾಕಣೆಗಾರನ ಲೆಕ್ಕದಿಂದಲೂ ಇದು ಕೇವಲ ನಷ್ಟದ ಮಾರ್ಗ.

1970ರ ಕುದುರೆ ಸಂರಕ್ಷಣಾ ಶಾಸನವು ಹೀಗೆ ಹುಣ್ಣುಮಾಡಿದ ಕುದುರೆಗಳನ್ನು ಪ್ರದರ್ಶನಕ್ಕೂ ಮಾರಾಟಕ್ಕೂ ತರಕೂಡದೆಂದು ನಿಷೇಧಿಸಿತು. ಆದರೆ ನಡೆಯುವ ಪ್ರದರ್ಶನಗಳು ನೂರಾರು, ಸರ್ಕಾರದ ಪರೀಕ್ಷಕರು ಕೆಲವರು. 1976ರ ತಿದ್ದುಪಾಟಿನ ಮೇಲೆ, ಪ್ರದರ್ಶನ ನಡೆಸುವವರೇ ಸಂಬಳ ಕೊಟ್ಟು ನೇಮಿಸಿಕೊಳ್ಳುವ ಪರೀಕ್ಷಕರಿಂದ ಕುದುರೆಗಳ ಕಾಲುಗಳನ್ನು ನೋಡಿಸುವ ಕ್ರಮವು ಬಂದಿತು. ಈ ಕ್ರಮದ ಗತಿಯನ್ನು ಊಹಿಸುವುದು ಕಷ್ಟವಲ್ಲ. ಅನ್ನ ಹಾಕುವವನ ಕುದುರೆಯಲ್ಲಿ ಹುಣ್ಣನ್ನು ಹುಡುಕುವವರು ಎಷ್ಟು ಜನ? ಪರೀಕ್ಷಕನು ಕಾಲನ್ನು ಒತ್ತಿದಾಗ ಕುದುರೆಯು ಬೆದರದಿರಲೆಂದು, ಮನೆಯಲ್ಲಿಯೇ ಹುಣ್ಣನ್ನು ಒತ್ತಿ, ಅಲುಗಿದರೆ ಹೊಡೆದು, ಅಲುಗದಂತೆ ಅಭ್ಯಾಸಮಾಡಿಸುವ ಕ್ರೌರ್ಯವೂ ಹುಟ್ಟಿಕೊಂಡಿತು. 2006ರಲ್ಲಿ ಸರ್ಕಾರದವರು ಬಿಗಿಯಾಗಿ ಪರೀಕ್ಷೆ ಮಾಡಿದಾಗ ಕಡೆಯ ಪಂದ್ಯಕ್ಕೆ ಬರಬೇಕಾಗಿದ್ದ ಕುದುರೆಗಳಲ್ಲಿ ಹೆಚ್ಚಿನವು ತೇರ್ಗಡೆಯಾಗದೆ, ಷೆಲ್ಬಿವಿಲ್ಲಿನಲ್ಲಿ ಆ ವರ್ಷದ ಅತ್ಯುನ್ನತ ಪ್ರಶಸ್ತಿಯನ್ನು ಯಾರಿಗೂ ಕೊಡಲಾಗಲಿಲ್ಲ. 2010ರಲ್ಲಿ ಅಲ್ಲಿಯ ಕೃಷಿ ಇಲಾಖೆಯ ತನಿಖಾಧಿಕಾರಿಗಳ ವರದಿಯು ಈ ಸ್ವಂತ ಪರೀಕ್ಷೆಯ ಕ್ರಮವು ಸಾಲದೆಂದು ಸ್ಪಷ್ಟವಾಗಿ ತಿಳಿಸಿತು. ಅದನ್ನು ತೆಗೆದುಹಾಕುವ ನಿಯಮಗಳು 2024ರಲ್ಲಿ ಹೊರಟವು. ಆದರೆ 2025ರ ಜನವರಿಯಲ್ಲಿ ಟೆಕ್ಸಾಸಿನ ಕೇಂದ್ರ ನ್ಯಾಯಾಲಯವು ಅವುಗಳಲ್ಲಿನ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಅರ್ಧ ಶತಮಾನ ಕಳೆದರೂ ವ್ಯಾಜ್ಯ ಮುಗಿದಿಲ್ಲ.

ಟೆನೆಸಿಯ ತಳಿಯನ್ನು ಸಾಕುವವರೆಲ್ಲರೂ ಹೀಗೆಂದು ಭಾವಿಸುವುದು ಅನ್ಯಾಯ. ಅವರಲ್ಲಿ ಬಹುಮಂದಿ ಸಾಧಾರಣ ಲಾಳದ ಕುದುರೆಯನ್ನು ಕಾಡುದಾರಿಗಳಲ್ಲಿ ಸವಾರಿ ಮಾಡಿಕೊಂಡು ಸುಖವಾಗಿರುವವರೇ. ಆದರೂ ತಳಿಗೆ ಹೆಸರು ಬಂದುದೂ ಹೆಸರು ಕೆಟ್ಟುದೂ ಬಹುಮಾನದ ಅಂಗಣದಿಂದ.

ಮಿಸೌರಿಯ ದಕ್ಷಿಣದ ಓಜಾರ್ಕ್ ಗುಡ್ಡಗಾಡಿಗೆ ಕೆಂಟಕಿ, ಟೆನೆಸಿ, ವರ್ಜೀನಿಯಾಗಳಿಂದ ವಲಸೆ ಬಂದವರು ತಮ್ಮ ಸವಾರಿ ಕುದುರೆಗಳನ್ನೂ ತಂದಿದ್ದರು. ಕಲ್ಲುದಾರಿಯಲ್ಲಿ ಎಡವದೆ, ಗಂಟೆಗೆ 5ರಿಂದ 8 ಮೈಲಿಗಳಂತೆ ದೂರದವರೆಗೆ ನಡೆಯಬಲ್ಲ ಕುದುರೆಯು ವೈದ್ಯನಿಗೂ ದನಗಾರನಿಗೂ ಕಂದಾಯದ ನೌಕರನಿಗೂ ಬೇಕಾಗಿದ್ದಿತು. ಮೋಟಾರು ಬಂದ ಮೇಲೂ ಅಲ್ಲಿ ದನ ಸಾಕುವ ಕಸಬು ಹೆಚ್ಚಾಗಿದ್ದುದರಿಂದ ತಳಿಯು ಬದುಕಿಕೊಂಡಿತು. 1948ರಲ್ಲಿ ಏವಾ ಎಂಬ ಸಣ್ಣ ಊರಿನಲ್ಲಿ ಸಂಘವು ಸ್ಥಾಪಿತವಾಯಿತು. ಅದರ ದಾಖಲೆಗಳು ಬೆಂಕಿಗೆ ಆಹುತಿಯಾಗಿ, 1958ರಲ್ಲಿ ಸಂಘವನ್ನು ಪುನಃ ಕಟ್ಟಬೇಕಾಯಿತು. (ವಂಶಾವಳಿಯ ಪುಸ್ತಕಕ್ಕೆ ಎರಡನೆಯ ಪ್ರತಿಯೊಂದನ್ನು ಬೇರೆ ಕಡೆ ಇಡುವುದು ಎಂಥ ಸಣ್ಣ ಖರ್ಚು!) 1982ರಲ್ಲಿ ಪುಸ್ತಕವನ್ನು ಹೊರಗಿನ ರಕ್ತಕ್ಕೆ ಮುಚ್ಚಿದರು. 2002ರಲ್ಲಿ ಮಿಸೌರಿ ಸರ್ಕಾರವು ಈ ಕುದುರೆಯನ್ನು ಪ್ರಾಂತದ ಕುದುರೆಯೆಂದು ಸಾರಿತು.

ಏವಾದಲ್ಲಿಯೂ ಪ್ರದರ್ಶನಗಳು ನಡೆಯುತ್ತವೆ. ಆದರೆ ಕಾಲಿನಲ್ಲಿ ಹುಣ್ಣಿನ ಗುರುತು ಕಂಡ ಕುದುರೆಯನ್ನು ಪಂದ್ಯದಿಂದ ತೆಗೆದುಹಾಕಬೇಕೆಂದೂ, ಲಾಳದ ಭಾರವು ಮಿತಿಯಲ್ಲಿರಬೇಕೆಂದೂ, ಕೃತಕವಾದ ಬಾಲವನ್ನು ಕಟ್ಟಬಾರದೆಂದೂ ಸಂಘದ ನಿಯಮಗಳಿವೆ. ಸಂಘಕ್ಕೆ ಸೇರಿದ ಪ್ರಾದೇಶಿಕ ಶಾಖೆಗಳು ಬೇರೆ ಪ್ರಾಂತಗಳಲ್ಲಿಯೂ ಇವೆ. ಇಂತಹ ಶಾಖೆಗಳಲ್ಲಿ ನಡೆಯುವ ಕೆಲಸ ಆಡಂಬರದ್ದಲ್ಲ. ಸದಸ್ಯರು ಒಟ್ಟಾಗಿ ಕಾಡುದಾರಿಗಳಲ್ಲಿ ಸವಾರಿ ಹೋಗುತ್ತಾರೆ. ಹೊಸಬರಿಗೆ ನಡಿಗೆಯನ್ನು ಗುರುತಿಸುವುದನ್ನೂ ಲಗಾಮನ್ನು ಹಿಡಿಯುವುದನ್ನೂ ಹೇಳಿಕೊಡುತ್ತಾರೆ. ಹುಡುಗರಿಗೆ ಬೇರೆಯಾಗಿ ಸವಾರಿಯ ಅಭ್ಯಾಸವಿರುತ್ತದೆ. ಬಹುಮಾನವೊಂದನ್ನೇ ನಂಬದೆ, ಜೀನಿನ ಮೇಲೆ ಎಷ್ಟು ಗಂಟೆಗಳ ಕಾಲ ಸವಾರಿಯಾಯಿತೆಂಬ ಲೆಕ್ಕವನ್ನಿಟ್ಟು ಮನ್ನಣೆ ಕೊಡುವ ಪದ್ಧತಿಯೂ ಈ ತಳಿಗಳವರಲ್ಲಿದೆ. ಅಲ್ಲಿಯ ಅರಣ್ಯ ಇಲಾಖೆಯವರು ಬೆಟ್ಟದ ಕಾವಲಿಗೆ ಮಿಸೌರಿಯ ಕುದುರೆಯನ್ನು ಉಪಯೋಗಿಸಿರುವುದು ಯಾವ ಪದಕಕ್ಕಿಂತಲೂ ದೊಡ್ಡ ಯೋಗ್ಯತಾಪತ್ರ.

ನೋಟ ಸೊಗಸಾಗಿಲ್ಲದಿದ್ದರೆ ಜನ ಬರುವುದಿಲ್ಲ, ಜನ ಬಾರದಿದ್ದರೆ ಹಣ ಬರುವುದಿಲ್ಲ, ಹಣವಿಲ್ಲದೆ ಸಂಘ ನಡೆಯುವುದಿಲ್ಲವೆಂಬ ಆಕ್ಷೇಪಣೆಯುಂಟು. ಷೆಲ್ಬಿವಿಲ್ಲಿನ ಅಂಗಡಿಕಾರರು ಪ್ರದರ್ಶನದ ದಿನಗಳ ವ್ಯಾಪಾರವನ್ನು ನೆಚ್ಚಿರುವುದೂ ದಿಟವೇ. ಆದರೆ ಪ್ರಾಣಿಯ ಕಾಲನ್ನು ಸುಟ್ಟು ಕಟ್ಟಿದ ವ್ಯಾಪಾರವು ಎಂದಾದರೂ ಪೋಲೀಸಿನ ಕೈಗೆ ಸಿಕ್ಕುವುದೇ; ಸಿಕ್ಕಿದ ದಿನ ಒಳ್ಳೆಯ ಸಾಕಣೆಗಾರನ ಕುದುರೆಗೂ ಬೆಲೆ ಇಳಿಯುವುದು.

ಕರ್ನಾಟಕದ ರಾಸುಗಳ ಇತಿಹಾಸವು ಇದೇ ಮಾತಿಗೆ ಸಾಕ್ಷಿಯಾಗಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಆ ಎತ್ತುಗಳು ಹೆಸರು ಗಳಿಸಿದ್ದು ದಂಡಿನ ತೋಪುಗಳನ್ನೂ ಸಾಮಾನನ್ನೂ ವೇಗವಾಗಿ ದೂರ ಎಳೆದುದರಿಂದ, ಕೊಂಬಿಗೆ ಬಣ್ಣ ಹಚ್ಚಿ ನಿಂತುದರಿಂದ ಅಲ್ಲ. ಜಾತ್ರೆಯ ಪ್ರದರ್ಶನಗಳಲ್ಲಿ ಮೈತೊಳೆದು ಸಿಂಗರಿಸಿದ ಜೋಡಿಯನ್ನು ನಿಂತಲ್ಲಿಯೇ ನೋಡಿ ತೀರ್ಪು ಹೇಳುವ ವಾಡಿಕೆಯಿರುವ ಕಡೆಗಳಲ್ಲಿ, ಜೋಡಿಯನ್ನು ಗೊತ್ತಾದ ಭಾರಕ್ಕೆ ಹೂಡಿ ಗೊತ್ತಾದ ದೂರ ನಡೆಸಿ ನೋಡಿದ ಮೇಲೆಯೇ ಅಂಕಗಳನ್ನು ಕೊಡುವ ಏರ್ಪಾಡು ಮಾಡಬೇಕು. ಕಂಬಳ, ಎತ್ತಿನ ಗಾಡಿಯ ಓಟ ಇವುಗಳಿಗೆ ಕರ್ನಾಟಕದ 2017ರ ತಿದ್ದುಪಡಿ ಶಾಸನದಿಂದ ಅವಕಾಶ ದೊರೆತು, 2023ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದಿದೆ. ಹಿಂಸೆಯನ್ನು ತಡೆಯುವ ನಿಬಂಧನೆಗಳು ಅದರೊಡನೆಯೇ ಇವೆ. ಆ ನಿಬಂಧನೆಗಳನ್ನು ನೋಡಿಕೊಳ್ಳುವ ಕೆಲಸವನ್ನು ಓಟಕ್ಕೆ ರಾಸು ಬಿಡುವ ಮನೆತನಗಳಿಗೆ ಸೇರಿದವರ ಕೈಯಲ್ಲಿ ಕೊಡಲಾಗದು. ತೀರ್ಪುಗಾರನು ಬೇರೆ ತಾಲ್ಲೂಕಿನವನಾಗಿರಲಿ. ರಾಸುಗಳ ಮೈಯನ್ನೂ ಕಾಲುಗಳನ್ನೂ ಪಶುವೈದ್ಯಾಧಿಕಾರಿಯು ಪಂದ್ಯಕ್ಕೆ ಮೊದಲೊಮ್ಮೆ, ಬಹುಮಾನ ಹಂಚುವುದಕ್ಕೆ ಮೊದಲು ಮತ್ತೊಮ್ಮೆ ಪರೀಕ್ಷಿಸಲಿ. ಗಾಯದ ಗುರುತು ಕಂಡ ರಾಸಿನ ಹೆಸರನ್ನು ಪಟ್ಟಿಯಿಂದ ತೆಗೆದು, ಕಾರಣವನ್ನು ಜಾತ್ರೆಯ ಬಯಲಿನಲ್ಲಿಯೇ ಓದಿ ಹೇಳಲಿ.